ತೆರಿಗೆ ನೋಟಿಸು ಬಂದಾಗ ಯಾವ ದಾರಿ ಹಿಡಿಯಬೇಕು

ತುಮಕೂರಿನಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿರುವ ನಮ್ಮ ಚಿಕ್ಕಪ್ಪನವರಿಗೆ ತಮ್ಮ ಮೇಲೆ ಆದಾಯ ತೆರಿಗೆಯ ಆದೇಶವೊಂದು ಆಗಿದೆ ಎಂಬುದು ಗೊತ್ತಾದದ್ದು ಬ್ಯಾಂಕಿನ ಕೌಂಟರಿನಲ್ಲಿ. ಸಗಟು ವ್ಯಾಪಾರಿಗೆ ಕೊಟ್ಟಿದ್ದ ಚೆಕ್ಕು ವಾಪಸು ಬಂದಿತ್ತು. ಖಾತೆಯಲ್ಲಿ ಹಣವೇನೋ ಇತ್ತು, ಆದರೆ ಇಲಾಖೆಯ ಪತ್ರ ಬಂದು ಖಾತೆಯನ್ನು ತಡೆಹಿಡಿಯಲಾಗಿತ್ತು. ಆ ಸಂಜೆ ಆಧಾರ್ ಒಟಿಪಿಯ ಮೂಲಕ ಪಾಸ್‌ವರ್ಡ್ ಬದಲಿಸಿ ಇ-ಫೈಲಿಂಗ್ ಪೋರ್ಟಲ್ ತೆರೆದಾಗ, ಒಂದರ ಕೆಳಗೊಂದರಂತೆ ನಾಲ್ಕು ನೋಟಿಸುಗಳೂ ಕೊನೆಗೆ ಆದೇಶವೂ ಅದರ ಜೊತೆ ಬೇಡಿಕೆ ನೋಟಿಸೂ ಕಂಡವು. ಪ್ರೊಫೈಲಿನಲ್ಲಿದ್ದ ಇಮೇಲ್ ಆಗಲಿ ಮೊಬೈಲ್ ಸಂಖ್ಯೆಯಾಗಲಿ ಚಿಕ್ಕಪ್ಪನವರದಾಗಿರಲಿಲ್ಲ. ಆರು ವರ್ಷಗಳ ಹಿಂದೆ ಅವರಿಗೆ ರಿಟರ್ನ್ಸ್ ಹಾಕಿಕೊಟ್ಟವರು ತಮ್ಮದನ್ನೇ ನಮೂದಿಸಿದ್ದರು, ಮತ್ತು ಅವರು ಆ ಕೆಲಸ ಬಿಟ್ಟು ಬಹಳ ಕಾಲವಾಗಿತ್ತು.

ಆ ಪ್ರಕರಣದ ಬೆನ್ನು ಹತ್ತಿ ಓಡಾಡಿದ ಒಂದೂವರೆ ವರ್ಷದಲ್ಲಿ ನನಗೆ ಸ್ಪಷ್ಟವಾದ ಸಂಗತಿಯೆಂದರೆ, ತೆರಿಗೆಯ ತೊಂದರೆಗೆ ಸಿಕ್ಕಿಕೊಂಡವರ ಮುಂದೆ ದಾರಿಗಳು ಹಲವು ಇರುತ್ತವೆ, ಆದರೆ ಪ್ರತಿಯೊಂದು ದಾರಿಗೂ ಗಡುವು ಇರುತ್ತದೆ, ಮತ್ತು ನಾವು ಭಯದಿಂದ ಸುಮ್ಮನಿದ್ದಷ್ಟೂ ಅಗ್ಗದ ದಾರಿಗಳು ಮೊದಲು ಮುಚ್ಚಿಕೊಂಡು ದುಬಾರಿಯವು ಮಾತ್ರ ಉಳಿಯುತ್ತವೆ. ಯಾವ ಕಾಗದಕ್ಕೆ ಯಾವ ದಾರಿ ತಕ್ಕದ್ದು ಎಂಬುದನ್ನು, ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ವ್ಯಾಪಾರಿಗಳನ್ನೂ ರೈತರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಹೋಲಿಸಿದ್ದೇನೆ. ಸೆಕ್ಷನ್ ಸಂಖ್ಯೆಗಳೆಲ್ಲ 1961ರ ಆದಾಯ ತೆರಿಗೆ ಕಾಯ್ದೆಯವು. 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವುದಾದರೂ, ಅದಕ್ಕೆ ಹಿಂದಿನ ವರ್ಷಗಳ ಪ್ರಕರಣಗಳು ಹಳೆಯ ಕಾಯ್ದೆಯ ಪ್ರಕಾರವೇ ನಡೆಯುತ್ತವೆ.

ಮೊದಲು ಕಾಗದ ಅಸಲಿಯೇ ಎಂದು ನೋಡಿ

2019ರ ಅಕ್ಟೋಬರ್ 1ರಿಂದ ಆದಾಯ ತೆರಿಗೆ ಇಲಾಖೆಯ ನೋಟಿಸು, ಆದೇಶ, ಪತ್ರಗಳ ಮೇಲೆ ಡಿನ್ ಎಂಬ ದಾಖಲೆ ಗುರುತಿನ ಸಂಖ್ಯೆ ಇರಬೇಕೆಂದು ನಿಯಮವಿದೆ. ಪೋರ್ಟಲಿನ ಮುಖಪುಟದಲ್ಲಿ, ಲಾಗಿನ್ ಕೂಡ ಆಗದೆ, ಆ ಸಂಖ್ಯೆ ಹಾಕಿ ಕಾಗದ ಅಸಲಿಯೋ ನಕಲಿಯೋ ಎಂದು ಪರಿಶೀಲಿಸಬಹುದು. ವಾಟ್ಸ್ಆ್ಯಪ್‌ನಲ್ಲಿ ಬಂದ ಪಿಡಿಎಫ್, ರೀಫಂಡ್ ಬಂದಿದೆ ಎಂದು ಲಿಂಕ್ ಒತ್ತಲು ಹೇಳುವ ಸಂದೇಶ, ಈಗಲೇ ಹಣ ಹಾಕದಿದ್ದರೆ ಬಂಧಿಸುತ್ತೇವೆ ಎನ್ನುವ ಕರೆ, ಇವುಗಳಲ್ಲಿ ಯಾವುದಕ್ಕೂ ಅಲ್ಲಿಯೇ ಉತ್ತರ ಕೊಡಬಾರದು. ಲಿಂಕ್ ಒತ್ತುವುದರ ಬದಲು ನೀವೇ ಪೋರ್ಟಲಿನ ವಿಳಾಸ ಟೈಪು ಮಾಡಿ ಒಳಗೆ ಹೋಗಿ ನೋಡಿ. ಇಲಾಖೆ ಕಳುಹಿಸಿದ್ದೇ ಆದರೆ ಅದು ನಿಮ್ಮ ಖಾತೆಯಲ್ಲಿ ಇದ್ದೇ ಇರುತ್ತದೆ. ಹಣ ಕಳೆದುಕೊಂಡಾಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ.

ಯಾವ ಇಲಾಖೆ ಎಂಬುದನ್ನೂ ಗಮನಿಸಬೇಕು. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ಅಂಗಡಿಯವರಿಗೆ ನೋಟಿಸು ಕಳುಹಿಸಿದ್ದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ; ಅದು ಜಿಎಸ್‌ಟಿಯ ವಿಷಯ, ಆದಾಯ ತೆರಿಗೆಯದಲ್ಲ. ಆಗ ಅನೇಕರು ಕ್ಯೂಆರ್ ಕೋಡ್ ಕಿತ್ತುಹಾಕಿ ನಗದು ಮಾತ್ರ ಎಂದು ಬೋರ್ಡ್ ಬರೆದಿಟ್ಟರು. ಅವರ ಆತಂಕ ನನಗೆ ಅರ್ಥವಾಗುತ್ತದೆ, ಆದರೆ ಹಿಂದಿನ ವರ್ಷಗಳ ದಾಖಲೆ ಅದರಿಂದ ಅಳಿಸಿಹೋಗುವುದಿಲ್ಲ. ಅದಕ್ಕಿಂತ ಉತ್ತರ ಬರೆಯುವುದೇ ಲೇಸಾಗಿತ್ತು, ಏಕೆಂದರೆ ಜಿಎಸ್‌ಟಿ ನೋಂದಣಿಯ ಮಿತಿ ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ. ಬರೀ ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಸರಕು ಮಾರುವವರು ನೋಂದಣಿಯನ್ನೇ ಮಾಡಿಸಬೇಕಾಗಿಲ್ಲ. ತಾನು ಮಾರುವುದು ಏನು, ಖಾತೆಗೆ ಬಂದ ಹಣದಲ್ಲಿ ವ್ಯಾಪಾರದ್ದೆಷ್ಟು, ಮನೆಯವರು ಕಳುಹಿಸಿದ್ದೆಷ್ಟು, ಸಾಲವೆಷ್ಟು ಎಂದು ಬಿಡಿಸಿ ತೋರಿಸುವುದೇ ಅಲ್ಲಿ ಸರಿಯಾದ ಉತ್ತರ.

ಒಪ್ಪಿ ಕಟ್ಟುವುದೋ, ಒಪ್ಪದೆ ಬರೆಯುವುದೋ

ಜನರಿಗೆ ಅತಿ ಹೆಚ್ಚು ಬರುವುದು ಸೆಕ್ಷನ್ 143(1)ರ ಸೂಚನೆ. ಬೆಂಗಳೂರಿನ ಸಿಪಿಸಿಯ, ಅಂದರೆ ರಿಟರ್ನ್ಸುಗಳನ್ನು ಸಂಸ್ಕರಿಸುವ ಇಲಾಖೆಯ ಕೇಂದ್ರದ, ಕಂಪ್ಯೂಟರು ನಿಮ್ಮ ರಿಟರ್ನ್ಸನ್ನು ತನ್ನ ಬಳಿಯಿರುವ ಮಾಹಿತಿಯೊಂದಿಗೆ ತಾಳೆ ನೋಡಿ ಕಳುಹಿಸುವ ಲೆಕ್ಕಪತ್ರ ಇದು. ಇದು ತನಿಖೆಯಲ್ಲ. ಪಿಡಿಎಫ್ ತೆರೆಯಲು ಪ್ಯಾನ್ ಸಂಖ್ಯೆಯನ್ನು ಚಿಕ್ಕ ಅಕ್ಷರಗಳಲ್ಲಿ ಬರೆದು, ಅದಕ್ಕೆ ಹೊಂದಿಕೊಂಡಂತೆ ಹುಟ್ಟಿದ ದಿನಾಂಕವನ್ನು ಎಂಟು ಅಂಕಿಗಳಲ್ಲಿ ಹಾಕಬೇಕು. ಒಳಗೆ ಎರಡು ಅಂಕಣಗಳಿರುತ್ತವೆ, ಒಂದು ನೀವು ಕೊಟ್ಟ ಲೆಕ್ಕ, ಇನ್ನೊಂದು ಅವರು ಹಾಕಿದ ಲೆಕ್ಕ. ಎಲ್ಲಿ ಅಂಕಿ ಬೇರೆಯಾಗುತ್ತದೆಯೋ ಆ ಸಾಲಿನ ಮೇಲೆ ಪೆನ್ಸಿಲ್ ಇಟ್ಟುಕೊಂಡು, ನಿಮ್ಮ ಹೆಸರಿನಲ್ಲಿ ಕಡಿತವಾದ ತೆರಿಗೆಯನ್ನೂ ನಡೆದ ವಹಿವಾಟುಗಳನ್ನೂ ಇಲಾಖೆಯೇ ಪಟ್ಟಿ ಮಾಡಿರುವ ಅದೇ ವರ್ಷದ 26ಎಎಸ್ ಮತ್ತು ಎಐಎಸ್ ಹಾಳೆಗಳನ್ನು ಪಕ್ಕದಲ್ಲಿ ಹರಡಿಕೊಂಡರೆ ಅರ್ಧ ಗಂಟೆಯಲ್ಲಿ ಕಾರಣ ಸಿಗುತ್ತದೆ. ಬಹಳ ಸಲ ಅದು ಬ್ಯಾಂಕಿನ ಠೇವಣಿ ಬಡ್ಡಿ ತೋರಿಸಲು ಮರೆತದ್ದು, ಅಥವಾ ಟಿಡಿಎಸ್, ಅಂದರೆ ಮೂಲದಲ್ಲೇ ಕಡಿತವಾದ ತೆರಿಗೆ, ತಾಳೆಯಾಗದಿರುವುದು.

ತಪ್ಪು ನಮ್ಮದೇ ಆಗಿದ್ದು ಮೊತ್ತ ಸಣ್ಣದಾಗಿದ್ದರೆ ಒಪ್ಪಿ ಕಟ್ಟುವುದೇ ಒಳ್ಳೆಯದು. ಬೇಡಿಕೆ ನೋಟಿಸು ತಲುಪಿದ 30 ದಿನಗಳೊಳಗೆ ಕಟ್ಟದಿದ್ದರೆ ಅನಂತರ ತಿಂಗಳಿಗೆ ಶೇಕಡಾ 1ರಂತೆ ಬಡ್ಡಿ ಬೆಳೆಯುತ್ತದೆ. ಚಲನ್ ತುಂಬುವಾಗ ಒಂದು ಎಚ್ಚರ ಬೇಕು: ಬೇಡಿಕೆಗೆ ಕಟ್ಟುವ ಹಣಕ್ಕೆ 400 ಎಂಬ ಸಂಕೇತವಿದೆ, 300 ಎಂಬುದು ರಿಟರ್ನ್ಸ್ ಹಾಕುವಾಗ ನಾವೇ ಲೆಕ್ಕ ಹಾಕಿ ಕಟ್ಟುವ ಸ್ವಯಂ ಮೌಲ್ಯಮಾಪನ ತೆರಿಗೆಗೆ. ಅಭ್ಯಾಸಬಲದಿಂದ 300 ಒತ್ತಿದರೆ ಹಣ ಸರ್ಕಾರಕ್ಕೆ ಹೋದರೂ ನಿಮ್ಮ ಬೇಡಿಕೆ ಬಾಕಿಯೆಂದೇ ಕಾಣಿಸುತ್ತಿರುತ್ತದೆ. ಹಾಗೆಯೇ, ತೆರಿಗೆಯನ್ನು ನಿಮ್ಮ ಪ್ಯಾನ್ ಮೇಲೆ ಪೋರ್ಟಲಿನಿಂದಲೇ ಕಟ್ಟಬೇಕು. ನನ್ನ ಖಾತೆಗೆ ಹಾಕಿ, ನಾನು ಕಟ್ಟುತ್ತೇನೆ ಎನ್ನುವವರ ಕೈಗೆ ಕೊಡಬಾರದು.

ತಪ್ಪು ಅವರ ಲೆಕ್ಕದಲ್ಲಿದ್ದರೆ, ಉದಾಹರಣೆಗೆ ಕಟ್ಟಿದ ತೆರಿಗೆಯನ್ನೇ ಎಣಿಸಿರದಿದ್ದರೆ, ಸೆಕ್ಷನ್ 154ರ ತಿದ್ದುಪಡಿ ಅರ್ಜಿ ಸಾಕು. ಅದಕ್ಕೆ ಶುಲ್ಕವಿಲ್ಲ, ಆದೇಶವಾದ ಆರ್ಥಿಕ ವರ್ಷದ ಕೊನೆಯಿಂದ 4 ವರ್ಷಗಳವರೆಗೆ ಅವಕಾಶವೂ ಇದೆ. ಆದರೆ ತಿದ್ದುಪಡಿಯಿಂದ ಸರಿಹೋಗುವುದು ದಾಖಲೆ ನೋಡಿದೊಡನೆ ಕಾಣುವ ತಪ್ಪು ಮಾತ್ರ. ವಾದ ಮಾಡಿ ಸಾಬೀತುಪಡಿಸಬೇಕಾದ ವಿಷಯವನ್ನು ತಿದ್ದುಪಡಿ ಅರ್ಜಿಯಲ್ಲಿ ಹಾಕಿ ಕಾಯುತ್ತಾ ಕುಳಿತವರ ಮೇಲ್ಮನವಿಯ ಗಡುವು ಅಷ್ಟರಲ್ಲಿ ಮುಗಿದುಹೋಗಿರುತ್ತದೆ.

ನೀವೇ ಉತ್ತರಿಸುವುದೋ, ಆಡಿಟರ್ ಬಳಿ ಹೋಗುವುದೋ

143(1)ರ ಸೂಚನೆ, ರಿಟರ್ನ್ಸಿನಲ್ಲಿ ದೋಷವಿದೆಯೆಂದು 15 ದಿನ ಕೊಡುವ 139(9)ರ ನೋಟಿಸು, ಹಳೆಯ ಬಾಕಿಗೆ ಈ ವರ್ಷದ ರೀಫಂಡ್ ಹೊಂದಿಸಿಕೊಳ್ಳುತ್ತೇವೆ ಎನ್ನುವ 245ರ ಪತ್ರ, ಇವಿಷ್ಟಕ್ಕೆ ಓದುಬರಹ ಬಲ್ಲ ಮಗನೋ ಮಗಳೋ ಮನೆಯಲ್ಲಿದ್ದರೆ ಹೊರಗಿನವರ ನೆರವು ಬೇಕಾಗುವುದು ಕಡಿಮೆ. ಪೋರ್ಟಲಿನ ಸಹಾಯವಾಣಿ 1800 103 0025 ಇದೆ. ಕಾನೂನಿನ ಪ್ರಕಾರ ಸಂಬಂಧಿಕರು ಕೂಡ ಲಿಖಿತ ಅಧಿಕಾರಪತ್ರ ಪಡೆದು ನಿಮ್ಮ ಪ್ರತಿನಿಧಿಯಾಗಬಹುದು.

143(2) ಎಂದರೆ ವಿವರವಾದ ಪರಿಶೀಲನೆ, 148ಎ ಎಂದರೆ ತಪ್ಪಿಹೋದ ಆದಾಯಕ್ಕಾಗಿ ಹಳೆಯ ವರ್ಷವನ್ನು ಮತ್ತೆ ತೆರೆಯುವ ಮುನ್ನ ಕೇಳುವ ಕಾರಣ. ಈ ಎರಡಕ್ಕೆ ಚಾರ್ಟರ್ಡ್ ಅಕೌಂಟೆಂಟ್ ಅಥವಾ ತೆರಿಗೆ ವಕೀಲರ ಶುಲ್ಕ ದುಬಾರಿಯೆನಿಸಿದರೂ ಉಳಿತಾಯ ಮಾಡುವುದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರಣ ಇಷ್ಟೇ: ಈ ಹಂತದಲ್ಲಿ ಬರೆದುಕೊಟ್ಟ ಒಂದೊಂದು ವಾಕ್ಯವೂ ಮುಂದೆ ಮೇಲ್ಮನವಿಯವರೆಗೆ ನಿಮ್ಮ ಹಿಂದೆಯೇ ಬರುತ್ತದೆ. ಕಡಿಮೆ ತೋರಿಸಿದ ಆದಾಯಕ್ಕೆ ಬೀಳುವ ದಂಡ, ಅದರ ಮೇಲಿನ ತೆರಿಗೆಯ ಶೇಕಡಾ 50 ಆದರೆ, ತಪ್ಪಾಗಿ ತೋರಿಸಿದ್ದೆಂದು ತೀರ್ಮಾನವಾದರೆ ಅದೇ ಶೇಕಡಾ 200. ಆ ಎರಡರ ನಡುವಿನ ಅಂತರ ಅನೇಕ ಸಲ ಉತ್ತರದ ಮಾತುಗಳಲ್ಲಿರುತ್ತದೆ. 2020ರಿಂದ ಇಂಥ ಬಹುತೇಕ ಮೌಲ್ಯಮಾಪನಗಳು ಮುಖಾಮುಖಿಯಿಲ್ಲದೆ ನಡೆಯುವುದರಿಂದ, ನಿಮ್ಮ ಕಡತ ನೋಡುವ ಅಧಿಕಾರಿ ದೇಶದ ಯಾವ ಊರಿನವರೋ ಆಗಿರಬಹುದು. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನ ವ್ಯಾಪಾರ ಹೇಗೆ ನಡೆಯುತ್ತದೆಂದು ಅವರಿಗೆ ತಿಳಿದಿರುವುದಿಲ್ಲ, ಎಲ್ಲವನ್ನೂ ಬರಹದಲ್ಲಿಯೇ ತಿಳಿಸಬೇಕು.

ಯಾರ ಬಳಿ ಹೋದರೂ ಇಮೇಲ್ ಮತ್ತು ಮೊಬೈಲ್ ಸಂಖ್ಯೆ ನಿಮ್ಮದೇ ಇರಬೇಕು, ಪಾಸ್‌ವರ್ಡ್ ನಿಮಗೆ ಗೊತ್ತಿರಬೇಕು. ರೀಫಂಡಿನಲ್ಲಿ ಇಷ್ಟು ಪಾಲು ಎಂದು ಶುಲ್ಕ ಕೇಳುವವರಿಂದ ದೂರವಿರಿ. ಇಲ್ಲದ ದೇಣಿಗೆ, ಇಲ್ಲದ ವಿಮೆ ತೋರಿಸಿ ರೀಫಂಡ್ ತರುವುದು ಅವರ ಲಾಭಕ್ಕೆ ಸರಿ, ಆದರೆ ಸುಳ್ಳಿನ ಹೊಣೆ ಮಾತ್ರ ರಿಟರ್ನ್ಸ್ ಯಾರ ಹೆಸರಿನಲ್ಲಿದೆಯೋ ಅವರ ತಲೆಗೇ ಬರುತ್ತದೆ.

ಜಮೀನು, ಗೂಡು, ಮಂಡಿ ಪಟ್ಟಿ

ನಮ್ಮ ಕಡೆ ನೋಟಿಸುಗಳ ಮೂಲ ಹೆಚ್ಚಾಗಿ ಎರಡೇ: ಜಮೀನು ಮಾರಾಟ ಮತ್ತು ನಗದು ಜಮೆ. 30 ಲಕ್ಷ ರೂಪಾಯಿ ಅಥವಾ ಅದಕ್ಕೂ ಮೇಲಿನ ಆಸ್ತಿ ವಹಿವಾಟನ್ನು ಸಬ್ ರಿಜಿಸ್ಟ್ರಾರ್ ಕಚೇರಿಯೂ, ಉಳಿತಾಯ ಖಾತೆಗಳಲ್ಲಿ ವರ್ಷಕ್ಕೆ ಒಟ್ಟು 10 ಲಕ್ಷ ಮುಟ್ಟುವ ನಗದು ಜಮೆಯನ್ನು ಬ್ಯಾಂಕೂ ಇಲಾಖೆಗೆ ತಿಳಿಸುತ್ತವೆ. ವರದಿಯಾಯಿತೆಂದರೆ ತೆರಿಗೆ ಬಿತ್ತೆಂದು ಅರ್ಥವಲ್ಲ. ಆದರೆ ರಿಟರ್ನ್ಸೇ ಇಲ್ಲದವರ ಹೆಸರಿನಲ್ಲಿ ಇಂಥ ವರದಿ ಹೋದರೆ ಪ್ರಶ್ನೆ ಏಳುವುದು ಸಹಜ.

ಗ್ರಾಮೀಣ ಕೃಷಿ ಜಮೀನು ಬಂಡವಾಳ ಆಸ್ತಿಯಲ್ಲ, ಆದ್ದರಿಂದ ಅದರ ಮಾರಾಟದ ಲಾಭಕ್ಕೆ ತೆರಿಗೆಯಿಲ್ಲ. ಗ್ರಾಮೀಣವೋ ಅಲ್ಲವೋ ಎಂಬುದು ಪುರಸಭೆ, ನಗರಸಭೆ ಅಥವಾ ಪಾಲಿಕೆಯ ಎಲ್ಲೆಯಿಂದ ನೇರ ಗೆರೆಯಲ್ಲಿ ಅಳೆದ ದೂರದ ಮೇಲೆ ನಿಂತಿದೆ, ರಸ್ತೆಯ ದೂರದ ಮೇಲಲ್ಲ. ಊರಿನ ಜನಸಂಖ್ಯೆ 10 ಸಾವಿರದಿಂದ 1 ಲಕ್ಷದವರೆಗಿದ್ದರೆ 2 ಕಿಲೋಮೀಟರ್, 1 ಲಕ್ಷದಿಂದ 10 ಲಕ್ಷದವರೆಗೆ 6 ಕಿಲೋಮೀಟರ್, ಅದಕ್ಕೂ ಮೇಲಿದ್ದರೆ 8 ಕಿಲೋಮೀಟರ್; ಇದರ ಆಚೆಗಿದ್ದರೆ ಜಮೀನು ಗ್ರಾಮೀಣ. 2011ರ ಜನಗಣತಿಯಲ್ಲಿ ತುಮಕೂರು ನಗರದ್ದು 3 ಲಕ್ಷದ ಮೇಲೆ, ಕೋಲಾರದ್ದು 1 ಲಕ್ಷದ ಮೇಲೆ, ಚಿಕ್ಕಬಳ್ಳಾಪುರದ್ದು 1 ಲಕ್ಷಕ್ಕಿಂತ ಕಡಿಮೆ. ಹಾಗಾಗಿ ಆ ಲೆಕ್ಕದಲ್ಲಿ ಮೊದಲೆರಡು ಊರುಗಳ ಸುತ್ತ 6 ಕಿಲೋಮೀಟರ್ ಲೆಕ್ಕವೂ ಚಿಕ್ಕಬಳ್ಳಾಪುರದ ಸುತ್ತ 2 ಕಿಲೋಮೀಟರ್ ಲೆಕ್ಕವೂ ಅನ್ವಯಿಸುತ್ತದೆ. ಚಿಕ್ಕಪ್ಪನವರ ಮೇಲಾದ ಆದೇಶವೂ ಜಮೀನು ಮಾರಾಟದ್ದೇ; ಅವರು ಮಾರಿದ್ದ ಜಮೀನು ತುಮಕೂರಿನ ಎಲ್ಲೆಯಿಂದ 6 ಕಿಲೋಮೀಟರಿಗೂ ಆಚೆ ಇತ್ತು. ಪಹಣಿ, ಕ್ರಯಪತ್ರ, ದೂರದ ಬಗ್ಗೆ ತಹಶೀಲ್ದಾರರ ಕಚೇರಿಯ ದೃಢೀಕರಣ, ಈ ಮೂರು ಹಾಳೆಗಳನ್ನು ಮೊದಲ ನೋಟಿಸಿಗೇ ಲಗತ್ತಿಸಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಯಾರೂ ಉತ್ತರಿಸದ ಕಾರಣ ಅಧಿಕಾರಿ ಸೆಕ್ಷನ್ 144ರ ಪ್ರಕಾರ, ತಮ್ಮ ಬಳಿಯಿದ್ದ ಮಾಹಿತಿಯನ್ನಷ್ಟೇ ನೋಡಿ, ಮಾರಾಟದ ಪೂರ್ತಿ ಹಣವನ್ನು ಆದಾಯವೆಂದು ಹಿಡಿದಿದ್ದರು.

ಕೃಷಿ ಆದಾಯಕ್ಕೆ ವಿನಾಯಿತಿ ಇದೆಯೆಂದು ಬಾಯಲ್ಲಿ ಹೇಳಿದರೆ ಸಾಲದು. ಕೋಲಾರದ ಎಪಿಎಂಸಿಗೆ ಟೊಮೆಟೊ ಹಾಕಿದವರು ಮಂಡಿಯ ಪಟ್ಟಿಗಳನ್ನು ಜೋಡಿಸಿಟ್ಟುಕೊಂಡಿರಬೇಕು, ಪಹಣಿಯಲ್ಲಿ ಆ ಬೆಳೆಯ ನಮೂದಿದೆಯೇ ಎಂದು ನೋಡಿಕೊಂಡಿರಬೇಕು. ರೇಷ್ಮೆಯವರು ಇನ್ನೂ ಹೆಚ್ಚು ಜಾಗರೂಕರಾಗಿರಬೇಕು. ಹಿಪ್ಪುನೇರಳೆ ಸೊಪ್ಪು ಬೆಳೆಯುವುದು ಕೃಷಿಯೇ ಆದರೂ, ಆ ಸೊಪ್ಪನ್ನು ಹುಳುವಿಗೆ ತಿನ್ನಿಸಿ ಪಡೆದ ಗೂಡಿನ ಮಾರಾಟದ ಆದಾಯ ಕೃಷಿ ಆದಾಯವಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ತೀರ್ಪು ಕೊಟ್ಟಿದೆ. ಹಾಲಿನ ಆದಾಯವೂ ಕೃಷಿ ಆದಾಯವೆಂದು ಎಣಿಕೆಯಾಗುವುದಿಲ್ಲ. ಇದು ಗೊತ್ತಿಲ್ಲದೆ ಎಲ್ಲವನ್ನೂ ಕೃಷಿಯ ಅಂಕಣದಲ್ಲಿ ತುಂಬಿದ ಮನೆಗಳು ನಮ್ಮ ಜಿಲ್ಲೆಗಳಲ್ಲಿ ಎಷ್ಟೋ ಇವೆ, ಅವರು ಮೋಸಗಾರರಲ್ಲ.

ಹಾಗೆ ತಪ್ಪಿದ್ದು ನೋಟಿಸಿಗೂ ಮೊದಲೇ ನಿಮ್ಮ ಗಮನಕ್ಕೆ ಬಂದರೆ ಬಿಟ್ಟುಹೋದ ಆದಾಯ ಸೇರಿಸಿ ತಡವಾಗಿ ಸಲ್ಲಿಸುವ ಅಪ್‌ಡೇಟೆಡ್ ರಿಟರ್ನ್ಸ್ ಎಂಬ ದಾರಿ ತೆರೆದಿರುತ್ತದೆ. ಸಂಬಂಧಪಟ್ಟ ಮೌಲ್ಯಮಾಪನ ವರ್ಷ (ಆದಾಯ ಬಂದ ಆರ್ಥಿಕ ವರ್ಷದ ಮರುವರ್ಷ) ಮುಗಿದು 12 ತಿಂಗಳೊಳಗಾದರೆ ತೆರಿಗೆ ಮತ್ತು ಬಡ್ಡಿಯ ಮೇಲೆ ಶೇಕಡಾ 25, 24 ತಿಂಗಳೊಳಗೆ 50, 36ರೊಳಗೆ 60, 48ರೊಳಗೆ 70 ಹೆಚ್ಚುವರಿ ಕಟ್ಟಬೇಕು. ಇದರಿಂದ ರೀಫಂಡ್ ಕೇಳಲಾಗದು, ತೆರಿಗೆ ಇಳಿಸಿಕೊಳ್ಳಲೂ ಆಗದು. ಆದರೂ ಶೇಕಡಾ 200ರ ದಂಡದ ಪಕ್ಕದಲ್ಲಿಟ್ಟು ನೋಡಿದರೆ ಶೇಕಡಾ 25 ಹಗುರವೇ, ಮತ್ತು ರಾತ್ರಿ ನೆಮ್ಮದಿಯಾಗಿ ನಿದ್ದೆ ಬರುತ್ತದೆ.

ಆದೇಶವಾದ ಮೇಲೆ

ಆದೇಶ ಕೈಸೇರಿದ ಮೇಲೆ ಉಳಿಯುವುದು ಮುಖ್ಯವಾಗಿ ಎರಡು. ಕಮಿಷನರ್ (ಅಪೀಲು) ಅವರಿಗೆ 30 ದಿನಗಳೊಳಗೆ ನಮೂನೆ 35ರಲ್ಲಿ ಮೇಲ್ಮನವಿ ಒಂದು. ಶುಲ್ಕ ನಿರ್ಧರಿತ ಆದಾಯಕ್ಕೆ ತಕ್ಕಂತೆ 250ರಿಂದ 1,000 ರೂಪಾಯಿ. ಪ್ರಧಾನ ಕಮಿಷನರಿಗೆ ಸೆಕ್ಷನ್ 264ರ ಪುನರ್‌ಪರಿಶೀಲನಾ ಅರ್ಜಿ ಇನ್ನೊಂದು. ಅದಕ್ಕೆ ಒಂದು ವರ್ಷದ ಕಾಲಾವಕಾಶ, ಶುಲ್ಕ 500 ರೂಪಾಯಿ. 264ರಲ್ಲಿ ನಿಮಗೆ ಪ್ರತಿಕೂಲವಾದ ಆದೇಶ ಬರಲಾರದು ಎಂಬುದು ದೊಡ್ಡ ಅನುಕೂಲ. ಆದರೆ ಅಲ್ಲಿ ಸೋತರೆ ನ್ಯಾಯಮಂಡಳಿಗೆ ಹೋಗುವಂತಿಲ್ಲ, ಹೈಕೋರ್ಟಿನ ರಿಟ್ ಅರ್ಜಿಯೊಂದೇ ಗತಿ. ಮೇಲ್ಮನವಿಯಲ್ಲಿ ಸೋತರೆ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬಾಗಿಲು ತೆರೆದಿರುತ್ತದೆ. ಎರಡನ್ನೂ ಒಟ್ಟಿಗೆ ಹಿಡಿಯಲಾಗದು. ವಾಸ್ತವಾಂಶದ ಮೇಲೆ ಗಟ್ಟಿ ವಾದವಿದ್ದು ಮೊತ್ತ ದೊಡ್ಡದಾಗಿದ್ದರೆ ಮೇಲ್ಮನವಿಯೇ ಸೂಕ್ತ. ನಮ್ಮದೇ ರಿಟರ್ನ್ಸಿನ ತಪ್ಪಿನಿಂದ ಹೆಚ್ಚು ತೆರಿಗೆ ಬಿದ್ದು ಬೇರೆ ದಾರಿ ಇಲ್ಲದಿದ್ದರೆ 264.

ಮೇಲ್ಮನವಿ ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ, ಇದನ್ನು ಬಹಳ ಜನ ತಿಳಿದಿರುವುದಿಲ್ಲ. ಸೆಕ್ಷನ್ 220(6)ರ ಅಡಿ ಮೌಲ್ಯಮಾಪನಾಧಿಕಾರಿಗೆ ತಡೆ ಕೋರಿ ಪ್ರತ್ಯೇಕ ಅರ್ಜಿ ಕೊಡಬೇಕು. ವಿವಾದಿತ ಮೊತ್ತದ ಶೇಕಡಾ 20 ಕಟ್ಟಿದರೆ ಉಳಿದದ್ದನ್ನು ತಡೆಹಿಡಿಯುವುದು ಇಲಾಖೆಯ ಸಾಮಾನ್ಯ ಪದ್ಧತಿ. ಅದೂ ಹೊರೆಯಾದರೆ ಕಂತು ಕೇಳಬಹುದು, ಒಪ್ಪದಿದ್ದರೆ ಪ್ರಧಾನ ಕಮಿಷನರಿಗೆ ಬರೆಯಬಹುದು.

ಅಂಗಡಿಗೆ ಅಧಿಕಾರಿಗಳೇ ಬಂದರೆ ಗುರುತಿನ ಚೀಟಿ ಮತ್ತು ಅಧಿಕಾರಪತ್ರ ನೋಡುವುದು ನಿಮ್ಮ ಹಕ್ಕು. ಸೆಕ್ಷನ್ 133ಎ ಪ್ರಕಾರ ನಡೆಯುವ ಸರ್ವೆಯಲ್ಲಿ ಲೆಕ್ಕದ ಪುಸ್ತಕ ನೋಡಬಹುದು, ನಗದು ಮತ್ತು ದಾಸ್ತಾನು ಎಣಿಸಬಹುದು, ಕಾರಣ ಬರೆದಿಟ್ಟು ಪುಸ್ತಕಗಳನ್ನು ವಶಕ್ಕೆ ಪಡೆಯಲೂಬಹುದು, ಆದರೆ ನಗದನ್ನಾಗಲಿ ದಾಸ್ತಾನನ್ನಾಗಲಿ ಒಯ್ಯುವಂತಿಲ್ಲ. ನಗದನ್ನು ಒಯ್ಯುವ ಅಧಿಕಾರವಿರುವುದು ವಾರಂಟಿನೊಂದಿಗೆ ನಡೆಯುವ 132ರ ಶೋಧದಲ್ಲಿ. ಹೇಳಿಕೆ ಬರೆದುಕೊಂಡರೆ ಪೂರ್ತಿ ಓದಿ, ತಿಳಿಯದ ಭಾಷೆಯಲ್ಲಿದ್ದರೆ ಓದಿಸಿಕೊಂಡು ಸಹಿ ಮಾಡಿ, ಪ್ರತಿ ಕೇಳಿ. ಗೊತ್ತಿಲ್ಲದ್ದಕ್ಕೆ ಲೆಕ್ಕ ನೋಡಿ ತಿಳಿಸುತ್ತೇನೆ ಎನ್ನುವುದರಲ್ಲಿ ತಪ್ಪೇನಿಲ್ಲ, ಊಹಿಸಿ ಹೇಳುವುದರಲ್ಲಿ ಅಪಾಯವಿದೆ. ಒಳಗೆ ನನಗೆ ಗೊತ್ತಿರುವವರಿದ್ದಾರೆ, ಸ್ವಲ್ಪ ಕೊಟ್ಟರೆ ಮುಗಿಸುತ್ತೇನೆ ಎಂದು ಮಧ್ಯವರ್ತಿಯೊಬ್ಬರು ನಮ್ಮ ಮನೆಗೂ ಬಂದಿದ್ದರು. 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವರೂ ಅಪರಾಧಿಗಳೇ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನಗಳೊಳಗೆ ದೂರು ಕೊಟ್ಟವರಿಗೆ ಮಾತ್ರ ರಕ್ಷಣೆ ಇದೆ. ಚಿಕ್ಕಪ್ಪ ಅವರಿಗೆ ಕಾಫಿ ಕೊಟ್ಟು ಕಳುಹಿಸಿದರು.

ನಮ್ಮ ಮೇಲ್ಮನವಿ ಗಡುವು ಮುಗಿದ ಮೇಲೆ ಹೋದದ್ದು. ವಿಳಂಬ ಮನ್ನಿಸಲು ಕೋರಿ, ಪ್ರೊಫೈಲಿನಲ್ಲಿ ಬೇರೆಯವರ ಇಮೇಲ್ ಇದ್ದ ಪುಟದ ಮುದ್ರಿತ ಪ್ರತಿಯನ್ನು ಪ್ರಮಾಣಪತ್ರದ ಜೊತೆ ಲಗತ್ತಿಸಿದೆವು. ಶೇಕಡಾ 20ನ್ನು ಕಂತಿನಲ್ಲಿ ಕಟ್ಟಿದ ಮೇಲೆ ಬ್ಯಾಂಕ್ ಖಾತೆ ಬಿಡುಗಡೆಯಾಯಿತು. 2024ರ ಅಕ್ಟೋಬರ್ 1ರಿಂದ 144ರ ಆದೇಶಗಳನ್ನು ರದ್ದುಮಾಡಿ ಮತ್ತೆ ವಿಚಾರಣೆಗೆ ಕಳುಹಿಸುವ ಅಧಿಕಾರ ಕಮಿಷನರ್ (ಅಪೀಲು) ಅವರಿಗೆ ದೊರೆತಿರುವುದರಿಂದ ಪ್ರಕರಣ ಮೌಲ್ಯಮಾಪನಾಧಿಕಾರಿಯ ಬಳಿಗೆ ಹಿಂದಿರುಗಿದೆ. ಹೊಸ ನೋಟಿಸು ಈ ಸಲ ಚಿಕ್ಕಪ್ಪನವರ ಮೊಬೈಲಿಗೇ ಬಂತು. ಪಹಣಿ, ಕ್ರಯಪತ್ರ, ದೂರದ ದೃಢೀಕರಣ ಮೂರನ್ನೂ ಮರುದಿನವೇ ಅಪ್‌ಲೋಡ್ ಮಾಡಿ, ಸ್ವೀಕೃತಿ ಸಂಖ್ಯೆಯನ್ನು ಅಂಗಡಿಯ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟಿದ್ದಾರೆ.